ತೆರೆದ ಸೈಲೆನ್ಸರ್ ಮತ್ತು ಕಾಣದ ಹೊಗೆ

(ರಸ್ತೆ ಸುರಕ್ಷತೆಯ ಬಗ್ಗೆ ಸಂಘದ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ಚಾಮರಾಜಪೇಟೆಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ರಸ್ತೆ ಸುರಕ್ಷತೆ ಎಂದೊಡನೆ ಹೆಲ್ಮೆಟ್, ಸಿಗ್ನಲ್, ವೇಗ ಈ ಮೂರರ ಮೇಲೆ ಭಾಷಣ ಮಾಡುವುದು ವಾಡಿಕೆ. ಅವೆಲ್ಲವೂ ಮುಖ್ಯವೇ. ಆದರೆ ಅವುಗಳ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಎಂಜಿನ್ ಪಾಠ ಹೇಳುವ ಮೇಷ್ಟ್ರಾದ ನಾನು ಇವತ್ತು ನಮ್ಮ ಬಡಾವಣೆಗಳಿಗೆ ತೀರಾ ಹತ್ತಿರವಾದ, ಆದರೆ ಯಾರೂ ಕೂತು ಮಾತಾಡದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಸೈಲೆನ್ಸರ್. ಅದನ್ನು ತೆಗೆದು ಎಸೆಯುವುದರಿಂದ, ಅದರ ಜಾಲಿ ಕೀಳಿಸುವುದರಿಂದ, ಬೆಂಡ್ ಪೈಪ್ ಒಂದನ್ನೇ ಬಿಟ್ಟು ಎಂಜಿನ್ ಓಡಿಸುವುದರಿಂದ ಏನಾಗುತ್ತದೆ ಎಂಬುದೇ ಇಂದಿನ ಮಾತು.

ಈ ವಿಷಯ ನಮಗೆ ಏಕೆ ಹತ್ತಿರ ಎಂದು ನೀವು ಕೇಳಬಹುದು. ಟೌನ್ ಹಾಲಿನಿಂದ ಮಿನರ್ವ ವೃತ್ತದವರೆಗೆ ಜೆ.ಸಿ. ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಬಿಡಿಭಾಗಗಳ ಅಂಗಡಿಗಳ ಸಾಲು ಮುಗಿಯುವುದೇ ಇಲ್ಲ. ಅಲ್ಲಿಂದ ಕಲಾಸಿಪಾಳ್ಯದ ಕಡೆಗೆ, ಚಾಮರಾಜಪೇಟೆಯ ಅಡ್ಡರಸ್ತೆಗಳ ಕಡೆಗೆ ತಿರುಗಿದರೆ ಸಣ್ಣ ಸಣ್ಣ ಗ್ಯಾರೇಜುಗಳು. ನಮ್ಮ ಎಷ್ಟೋ ಮನೆಗಳ ಅನ್ನ ಈ ಕಸುಬಿನಿಂದ ಬರುತ್ತದೆ. ಸ್ಪ್ಯಾನರ್ ಹಿಡಿದ ಕೈ ಗೌರವದ ಕೈ, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ಗ್ಯಾರೇಜು, ಮೇಲೆ ಮನೆ, ನಡುವೆ ಒಂದು ಕಿರಿದಾದ ಮೆಟ್ಟಿಲು. ಉಸ್ತಾದರ ಪಕ್ಕದಲ್ಲಿ ಕೂತು ಕೆಲಸ ಕಲಿಯುವ ಹುಡುಗ, ಸಂಜೆ ಅದೇ ಗ್ಯಾರೇಜಿಗೆ ಬೈಕು ತಂದು 'ಸೌಂಡ್ ಜಾಸ್ತಿ ಮಾಡಿಕೊಡಿ' ಎಂದು ಕೇಳುವ ಕಾಲೇಜು ಹುಡುಗ, ಮೇಲಿನ ಕೋಣೆಯಲ್ಲಿ ಮಲಗಿರುವ ಮಗು, ಈ ಮೂವರೂ ಉಸಿರಾಡುವುದು ಒಂದೇ ಗಾಳಿಯನ್ನು. ಆದುದರಿಂದ ಈ ಮಾತನ್ನು ನಮ್ಮ ಸಂಘದಲ್ಲಿ ಆಡದೆ ಇನ್ನೆಲ್ಲಿ ಆಡುವುದು?

ಸೈಲೆನ್ಸರ್ ಮಾಡುವ ಕೆಲಸ

ಎಂಜಿನ್ನಿನ ಒಳಗೆ ಪೆಟ್ರೋಲು ಉರಿದ ಮೇಲೆ ಉಳಿಯುವ ಬಿಸಿ ಅನಿಲ ಒಂದೊಂದು ಸಲವೂ ಸಣ್ಣ ಸಿಡಿತದಂತೆ ಹೊರಕ್ಕೆ ನುಗ್ಗುತ್ತದೆ. ಹಾಗೇ ಬಿಟ್ಟರೆ ಅದು ಗುಂಡಿನ ಸದ್ದು. ಸೈಲೆನ್ಸರಿನ ಒಳಗಿರುವ ಕೋಣೆಗಳು, ತೂತು ಕೊರೆದ ಕೊಳವೆಗಳು, ನಾರಿನಂತಹ ತುಂಬುವಿಕೆ, ಇವೆಲ್ಲ ಆ ಅನಿಲಕ್ಕೆ ಹಿಗ್ಗಲು ಜಾಗ ಕೊಟ್ಟು ಅದರ ಅಬ್ಬರವನ್ನು ತಣಿಸುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಕೆಲಸ.

ಗೊತ್ತಿಲ್ಲದ ಕೆಲಸಗಳು ಇನ್ನೂ ಎರಡಿವೆ. ಮೊದಲನೆಯದು, ಹೊಗೆಯನ್ನು ಸವಾರನಿಂದಲೂ ಹಿಂದೆ ಕುಳಿತವರಿಂದಲೂ ದೂರಕ್ಕೆ, ವಾಹನದ ಹಿಂಭಾಗಕ್ಕೆ ಒಯ್ದು ಬಿಡುವುದು. ಎರಡನೆಯದು, ಈಗಿನ ವಾಹನಗಳಲ್ಲಿ ಆ ಕೊಳವೆಯೊಳಗೇ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶುದ್ಧೀಕರಣದ ಸಾಧನವನ್ನು ಹೊತ್ತುಕೊಂಡಿರುವುದು. ಜೇನುಗೂಡಿನಂತಿರುವ ಈ ಸಾಧನದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪನವಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ ಇದು ಕೆಲಸ ಆರಂಭಿಸಿ, ವಿಷವಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡಯಾಕ್ಸೈಡಾಗಿ, ಉರಿಯದ ಪೆಟ್ರೋಲಿನ ಆವಿಯನ್ನು ಕಾರ್ಬನ್ ಡಯಾಕ್ಸೈಡ್ ಮತ್ತು ನೀರಾಗಿ ಬದಲಿಸುತ್ತದೆ. ನಮ್ಮ ದೇಶದಲ್ಲಿ ಇದು 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಗಿ ಬಂದಿತು. ಸೀಸ ಬೆರೆಸಿದ ಪೆಟ್ರೋಲು ಈ ಲೇಪನವನ್ನು ಹಾಳುಮಾಡುತ್ತಿದ್ದುದರಿಂದ ಸೀಸರಹಿತ ಪೆಟ್ರೋಲೂ ಅದರ ಜೊತೆಯಲ್ಲೇ ಬರಬೇಕಾಯಿತು. 2000ದ ಫೆಬ್ರವರಿಯ ಹೊತ್ತಿಗೆ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳ ಹೊಗೆ ಇನ್ನಷ್ಟು ಶುದ್ಧವಾಯಿತು.

ಇಷ್ಟು ವರ್ಷಗಳ ಶ್ರಮದಿಂದ ಬಂದ ಆ ಸಾಧನವನ್ನು ಗ್ರೈಂಡರ್ ಹಚ್ಚಿ ಕತ್ತರಿಸಿ ಗುಜರಿಗೆ ಹಾಕಿ, ಅದರ ಜಾಗಕ್ಕೆ ಖಾಲಿ ಕೊಳವೆ ಬೆಸುಗೆ ಹಾಕಿಸುವುದಕ್ಕೆ ಅರ್ಧ ಗಂಟೆ ಸಾಕು. ನಾವು ಯೋಚಿಸಬೇಕಾದುದು ಇದನ್ನೇ.

ಶಕ್ತಿ ಹೆಚ್ಚುವುದೆಂಬ ನಂಬಿಕೆ

'ಸಾರ್, ಸೈಲೆನ್ಸರ್ ತೆಗೆದರೆ ಎಂಜಿನ್ ಫ್ರೀ ಆಗುತ್ತದೆ, ಪಿಕಪ್ ಬರುತ್ತದೆ' ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಈ ವಾದವನ್ನು ನಾವು ನಗೆಯಾಡಿ ತಳ್ಳಿಹಾಕಬಾರದು. ಅದರಲ್ಲಿ ಅರ್ಧ ಸತ್ಯವಿದೆ. ಪಂದ್ಯದ ಕಾರುಗಳಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕೊಳವೆ, ಅಳೆದು ಮಾಡಿದ ಉದ್ದ, ಕೊನೆಯಲ್ಲಿ ಎಲ್ಲವೂ ಕೂಡುವ ಜಾಗ, ಹೀಗೆ ಹೆಡರ್ ಎಂಬ ಜೋಡಣೆ ಇರುತ್ತದೆ. ಒಂದು ಸಿಲಿಂಡರಿನಿಂದ ಹೊರಟ ಅನಿಲದ ಅಲೆ ಇನ್ನೊಂದರ ಹೊಗೆಯನ್ನು ಎಳೆದುಕೊಳ್ಳುವಂತೆ ಅದರ ಲೆಕ್ಕಾಚಾರ. ಆದರೆ ಆ ಲಾಭ ಸಿಗುವುದು ಎಂಜಿನ್ ಅತಿ ವೇಗದಲ್ಲಿ ತಿರುಗುವಾಗ, ಇಂಧನದ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದಾಗ ಮಾತ್ರ. ಗಾಂಧಿ ಬಜಾರಿನ ಸಂಜೆಯ ದಟ್ಟಣೆಯಲ್ಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗಲಾರದ ಬೈಕಿಗೆ ಅದು ಎಲ್ಲಿಂದ ಸಿಗಬೇಕು?

ನಮ್ಮ ಹುಡುಗರಿಗೆ ಇಂದಿಗೂ ಅಚ್ಚುಮೆಚ್ಚಿನ ಎರಡು ಹಳೆಯ ಗಾಡಿಗಳನ್ನೇ ತೆಗೆದುಕೊಳ್ಳಿ. ಒಂದು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ದಿ, ಇನ್ನೊಂದು ಯಮಹಾ ಆರ್‌ಎಕ್ಸ್ 100. ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು, ಆದರೆ ಅವುಗಳ ಮೇಲಿನ ಪ್ರೀತಿ ನಿಂತಿಲ್ಲ. ಎರಡೂ ಟೂ ಸ್ಟ್ರೋಕ್ ಎಂಜಿನ್‌ಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಎಂಬುದು ಎಂಜಿನ್ನಿನದೇ ಒಂದು ಅಂಗ. ಹೊಗೆಯ ಜೊತೆಗೆ ಹೊಸ ಪೆಟ್ರೋಲು ಗಾಳಿಯ ಮಿಶ್ರಣವೂ ಸ್ವಲ್ಪ ಹೊರಕ್ಕೆ ಜಾರುತ್ತದೆ. ಕೊಳವೆ ದಪ್ಪನಾಗಿ ಮತ್ತೆ ಸಣ್ಣಗಾಗುವ ಆಕಾರದಿಂದ ಒತ್ತಡದ ಅಲೆ ಹಿಂದಕ್ಕೆ ಹೊಡೆದು, ಜಾರಿದ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡನ್ ಎಂಬ ಎಂಜಿನಿಯರು ಎಂಜೆಡ್ ಕಂಪನಿಯ ಪಂದ್ಯದ ಬೈಕುಗಳಲ್ಲಿ ಈ ವಿದ್ಯೆಯನ್ನು ಬೆಳೆಸಿದರು. 1961ರಲ್ಲಿ ಆ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದಾಗ ಆ ವಿದ್ಯೆಯೂ ಜಪಾನಿಗೆ ಹೋಯಿತು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಗುಟ್ಟಾಗಿ ಹೋದ ವಿದ್ಯೆಯನ್ನು ನಮ್ಮ ಹುಡುಗ ಕಿತ್ತು ಮೂಲೆಗೆ ಹಾಕುತ್ತಾನೆ! ಕಿತ್ತಾಗ ಪೆಟ್ರೋಲು ಉರಿಯದೆ ಹೊರಗೆ ಹೋಗುತ್ತದೆ, ಶಕ್ತಿ ಕಡಿಮೆಯಾಗುತ್ತದೆ, ಸದ್ದು ಮಾತ್ರ ಹೆಚ್ಚಾಗುತ್ತದೆ. ಸದ್ದು ಹೆಚ್ಚಾದದ್ದನ್ನೇ ಕಿವಿ ವೇಗವೆಂದು ತಿಳಿಯುತ್ತದೆ.

ಫೋರ್ ಸ್ಟ್ರೋಕ್ ಗಾಡಿಗಳ ಕಥೆ ಬೇರೆ. ಕೊಳವೆ ತೆರೆದರೆ ಮಿಶ್ರಣದ ಹದ ತಪ್ಪುತ್ತದೆ. ಅದನ್ನು ಸರಿಪಡಿಸಲು ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಹಾಕಿ ಪೆಟ್ರೋಲು ಹೆಚ್ಚಿಸುತ್ತಾರೆ. ಗಾಳಿಗಿಂತ ಪೆಟ್ರೋಲು ಹೆಚ್ಚಾದಾಗ ಉರಿಯುವಿಕೆ ಅರ್ಧಕ್ಕೆ ನಿಂತು ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಥ್ರಾಟಲ್ ಬಿಟ್ಟಾಗ ಕೇಳಿಸುವ ಪಟಾಕಿ ಸದ್ದು ಉರಿಯದ ಪೆಟ್ರೋಲು ಕೊಳವೆಯೊಳಗೆ ಹೊತ್ತಿಕೊಳ್ಳುವ ಸದ್ದು. ತೆರೆದ ಕೊಳವೆಯ ಬಾಯಲ್ಲಿ ಬೆಂಕಿಯ ನಾಲಗೆಯೂ ಕಾಣಿಸುವುದುಂಟು. ಹೊಗೆ ಕೊಳವೆಯು ಪೆಟ್ರೋಲಿನ ಪೈಪಿಗೆ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದೆಂದು ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ಬರೆದಿರುವುದು ಸುಮ್ಮನೆ ಅಲ್ಲ. ಮನಸ್ಸಿಗೆ ಬಂದಂತೆ ಬೆಸುಗೆ ಹಾಕಿದ ಕೊಳವೆಗೆ ಈ ಅಳತೆಯನ್ನು ಯಾರು ನೋಡುತ್ತಾರೆ?

ಹಾಟ್ ರಾಡ್ ಹುಡುಗರಿಂದ ಒಂದು ಪಾಠ

ತೆರೆದ ಕೊಳವೆಯ ಹುಚ್ಚು ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಬಿಚ್ಚಿ, ಎಂಜಿನ್ ತಿದ್ದಿ, ಮ್ಯುರಾಕ್ ಮೊದಲಾದ ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಇವೇ ಹಾಟ್ ರಾಡ್‌ಗಳು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಕೂಡಿ ಒಂದು ಸಂಘ ಕಟ್ಟಿಕೊಂಡು ವಾಹನ ತಪಾಸಣೆಯ ನಿಯಮ ಮಾಡಿಕೊಂಡವು. ಆ ಹುಡುಗರ ಕಾರುಗಳಲ್ಲಿ ಒಂದು ಜಾಣತನದ ವ್ಯವಸ್ಥೆ ಇತ್ತು. ಹೆಡರ್‌ನಿಂದ ಹೊರಡುವ ನೇರ ಕೊಳವೆಗೆ ಮುಚ್ಚಳ. ಊರೊಳಗೆ ಮುಚ್ಚಳ ಹಾಕಿದರೆ ಹೊಗೆ ಸೈಲೆನ್ಸರಿನ ಮೂಲಕ ಹಿಂದಕ್ಕೆ ಹೋಗುತ್ತಿತ್ತು. ಕೆರೆ ಬಯಲಿಗೆ ತಲುಪಿದ ಮೇಲೆ ಮುಚ್ಚಳ ತೆಗೆಯುತ್ತಿದ್ದರು.

ಇದರ ಅರ್ಥವೇನು? ತೆರೆದ ಕೊಳವೆಗೆ ಒಂದು ಜಾಗವಿದೆ, ಒಂದು ಹೊತ್ತಿದೆ. ಮೈಲುಗಟ್ಟಲೆ ಬಯಲು, ಹೊಗೆಯನ್ನು ಹೊತ್ತೊಯ್ಯುವ ಗಾಳಿ, ನಿಮಿಷಗಳಲ್ಲಿ ಮುಗಿಯುವ ಓಟ. ನಮ್ಮ ನೆರೆಯ ಚೆನ್ನೈ ಬಳಿಯ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ಪಂದ್ಯಗಳು ನಡೆದವು. ಇಂದಿಗೂ ಚೆನ್ನೈ, ಕೊಯಮತ್ತೂರುಗಳಲ್ಲಿ ಪಂದ್ಯದ ಟ್ರ್ಯಾಕುಗಳಿವೆ. ಎಂಜಿನ್ ವಿದ್ಯೆಯಲ್ಲಿ ಆಸಕ್ತಿಯಿರುವ ನಮ್ಮ ಮಕ್ಕಳು ಆ ಕಡೆ ಹೋಗಲಿ, ಡಿಪ್ಲೊಮಾ ಓದಲಿ, ಪಂದ್ಯದ ತಂಡಗಳಲ್ಲಿ ಮೆಕ್ಯಾನಿಕ್ ಆಗಲಿ. ಅದು ಹೆಮ್ಮೆಯ ವಿಷಯ. ಆದರೆ ಪೇಟೆಯ ಓಣಿಯಲ್ಲಿ ಒಣಕೆರೆ ಇಲ್ಲ.

ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಗೆಯಲ್ಲಿ ಕಣ್ಣು ಉರಿಸುವುದು, ಮೂಗಿಗೆ ಹೊಡೆಯುವುದು ಬೇರೆ ವಸ್ತುಗಳು. ಕೊಲ್ಲುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗಾಳಿಗಿಂತ ಒಂದಿಷ್ಟು ಹಗುರವಾದ್ದರಿಂದ ಅದು ಗಾಳಿಯಲ್ಲಿ ಬೆರೆತು ಇಡೀ ಕೋಣೆಯನ್ನು ತುಂಬುತ್ತದೆ, ಮೆಟ್ಟಿಲು ಹತ್ತಿ ಮೇಲಿನ ಮನೆಗೂ ಹೋಗುತ್ತದೆ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ದೇಹಕ್ಕೆಲ್ಲ ಹಂಚುವ ಹಮಾಲಿ. ಈ ವಿಷಾನಿಲ ಅದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಮಾಲಿಯ ಬೆನ್ನ ಮೇಲೆ ಬೇರೆಯವರ ಮೂಟೆ ಕೂತಂತಾಯಿತು. ಶ್ವಾಸಕೋಶದಲ್ಲಿ ಗಾಳಿ ಇದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪದು. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅದೇ ಕೆಲಸ ಸುಮಾರು ಒಂದೂವರೆ ಗಂಟೆಯಲ್ಲಿ ಆಗುತ್ತದೆ. ಗರ್ಭದಲ್ಲಿರುವ ಶಿಶುವಿಗೆ ತಾಯಿಗಿಂತಲೂ ಹೆಚ್ಚು ಅಪಾಯ.

ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾವೇ ಉಸಿರಾಡಿ ಅದರ ಪರಿಣಾಮವನ್ನು ದಾಖಲಿಸಿದರು. ಕಲ್ಲಿದ್ದಲ ಗಣಿಗೆ ಇಳಿಯುವವರು ಪುಟ್ಟ ಪ್ರಾಣಿಯನ್ನು ಜೊತೆಗೆ ಒಯ್ಯಬೇಕೆಂದು ಸಲಹೆ ಕೊಟ್ಟವರೂ ಅವರೇ. ಗಣಿಯ ಕ್ಯಾನರಿ ಹಕ್ಕಿ ಹೀಗೆ ಬಂದದ್ದು. ಮನುಷ್ಯನಿಗೆ ಗೊತ್ತಾಗುವ ಮೊದಲೇ ಹಕ್ಕಿ ಕುಸಿದು ಬೀಳುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಈ ಪದ್ಧತಿ ಇತ್ತು. ನಮ್ಮ ಗ್ಯಾರೇಜುಗಳಲ್ಲಿ ಹಕ್ಕಿ ಇಲ್ಲ. ಅದರ ಜಾಗದಲ್ಲಿ ಕೆಲಸ ಕಲಿಯುವ ಚಿಕ್ಕ ಹುಡುಗನನ್ನು ನಿಲ್ಲಿಸುವಂತಾಗಬಾರದು.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳು ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಗ್ಯಾರೇಜು. ಅದರಲ್ಲಿರುವ ಗಾಳಿ 1,000 ಘನ ಅಡಿ, ಅಂದರೆ ಸುಮಾರು 28,000 ಲೀಟರ್. ಮಳೆ ಬರುತ್ತಿದೆಯೆಂದು ಶಟರ್ ಎಳೆದಿದ್ದಾರೆ. ಒಳಗೆ 150 ಸಿಸಿಯ ಹಳೆಯ ಬೈಕೊಂದು ಐಡ್ಲಿಂಗ್‌ನಲ್ಲಿ ಓಡುತ್ತಿದೆ. ಸ್ಥೂಲವಾಗಿ ಅದು ನಿಮಿಷಕ್ಕೆ 40 ಲೀಟರ್ ಹೊಗೆ ಬಿಡುತ್ತದೆ ಎಂದಿಟ್ಟುಕೊಳ್ಳೋಣ. 2000ದ ಮಾರ್ಚ್ ನಂತರ ತಯಾರಾದ ಹಳೆಯ ತಲೆಮಾರಿನ ಬೈಕುಗಳಿಗೆ ಎಮಿಷನ್ ಟೆಸ್ಟ್‌ನಲ್ಲಿ ಶೇ. 3.5ರವರೆಗೆ ಕಾರ್ಬನ್ ಮಾನಾಕ್ಸೈಡ್ ಇರಬಹುದೆಂಬ ಮಿತಿಯಿದೆ. ಅದಕ್ಕೂ ಹಳೆಯವಕ್ಕೆ ಶೇ. 4.5. ಶೇ. 3.5ರ ಲೆಕ್ಕದಲ್ಲಿ ನಿಮಿಷಕ್ಕೆ 1.4 ಲೀಟರ್ ವಿಷಾನಿಲ. ಅದನ್ನು 28,000 ಲೀಟರಿಗೆ ಹಂಚಿದರೆ ನಿಮಿಷಕ್ಕೆ ದಶಲಕ್ಷದಲ್ಲಿ 50 ಭಾಗದಂತೆ ಏರುತ್ತದೆ.

ನಮ್ಮ ಹಿಂದಿನ ಕಾರ್ಖಾನೆ ಕಾಯ್ದೆಯ ಪಟ್ಟಿಯ ಪ್ರಕಾರ ಕೆಲಸಗಾರನೊಬ್ಬ ಎಂಟು ಗಂಟೆಯ ಸರಾಸರಿಯಲ್ಲಿ ಉಸಿರಾಡಬಹುದಾದ ಮಿತಿ ಇದೇ 50 ಭಾಗವಾಗಿತ್ತು. ಆ ಮಿತಿ ಒಂದೇ ನಿಮಿಷದಲ್ಲಿ ಮುಟ್ಟಿತು. ಎಂಟು ನಿಮಿಷಕ್ಕೆ 400. ಇಷ್ಟರಲ್ಲಿ ಒಂದೆರಡು ಗಂಟೆ ಇದ್ದರೆ ತಲೆ ಸಿಡಿಯತೊಡಗುತ್ತದೆ. ಹದಿನಾರು ನಿಮಿಷಕ್ಕೆ 800. ಮುಕ್ಕಾಲು ಗಂಟೆಯೊಳಗೆ ತಲೆಸುತ್ತು, ವಾಕರಿಕೆ. ಎರಡು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. ಇಪ್ಪತ್ತನಾಲ್ಕು ನಿಮಿಷಕ್ಕೆ 1,200. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಈ ಮಟ್ಟವನ್ನು ಜೀವಕ್ಕೆ ತಕ್ಷಣದ ಅಪಾಯ ಎಂದು ಗುರುತಿಸಿದೆ. ಇದು ಬರೀ ಐಡ್ಲಿಂಗ್ ಲೆಕ್ಕ. ಟ್ಯೂನಿಂಗ್ ಮಾಡುವಾಗ ಥ್ರಾಟಲ್ ತಿರುವಿದಷ್ಟೂ ಹೊಗೆ ಹಲವು ಪಟ್ಟು ಏರುತ್ತದೆ. ಎಮಿಷನ್ ಟೆಸ್ಟ್ ಪಾಸಾದ ಗಾಡಿಯ ಕಥೆಯೇ ಹೀಗಾದರೆ, ಫೇಲಾಗುವ ಗಾಡಿಯ ಮಾತೇನು?

ಭಾರತ್ ಸ್ಟೇಜ್ 6ರ ಬೈಕಿಗೆ ಈ ಮಿತಿ ಶೇ. 0.5 ಮಾತ್ರ. ಏಳು ಪಟ್ಟು ಕಡಿಮೆ. ಆದರೆ ಕನ್ವರ್ಟರ್ ಕತ್ತರಿಸಿದ ದಿನ ಆ ರಕ್ಷಣೆ ಹೋಗಿಬಿಡುತ್ತದೆ. ಕತ್ತರಿಸದಿದ್ದರೂ ತಣ್ಣಗಿರುವ ಎಂಜಿನ್ನಿನ ಮೊದಲ ಕೆಲವು ನಿಮಿಷ ಅದು ಕೆಲಸ ಮಾಡುವುದಿಲ್ಲ. ಆದುದರಿಂದ ಹೊಸ ಗಾಡಿಯನ್ನೂ ಮುಚ್ಚಿದ ಜಾಗದಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸಬೇಡಿ.

ಕಾರು ಮತ್ತು ಜೀಪುಗಳಲ್ಲಿ

ಬೈಕಿನ ಸವಾರ ಬಯಲಿನಲ್ಲಿರುತ್ತಾನೆ. ಕಾರಿನಲ್ಲಿ ಹಾಗಲ್ಲ. ಹಳೆಯ ಜೀಪು, ಜಿಪ್ಸಿ, ಮಾರುತಿ 800, ಪ್ರೀಮಿಯರ್ ಪದ್ಮಿನಿಗಳನ್ನು ಕೊಂಡು ತಿದ್ದಿಸುವ ಹವ್ಯಾಸ ನಮ್ಮ ಊರಿನಲ್ಲಿದೆ. ಸೈಲೆನ್ಸರ್ ತೆಗೆದು ಕೊಳವೆಯನ್ನು ಚಾಲಕನ ಕಾಲಿನ ಕೆಳಗೇ ಮುಗಿಸಿದರೆ ಹೊಗೆ ನೆಲದಡಿಯಲ್ಲೇ ಸುಳಿಯುತ್ತದೆ. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ವಯರು, ಕೇಬಲ್, ಪೆಡಲ್‌ಗಳಿಗಾಗಿ ತೂತುಗಳಿರುತ್ತವೆ. ರಬ್ಬರ್ ಬುಷ್ ಹರಿದಿದ್ದರೆ, ನೆಲದ ತಗಡು ತುಕ್ಕು ಹಿಡಿದಿದ್ದರೆ ಹೊಗೆ ಅಲ್ಲಿಂದ ಒಳಗೆ ಬರುತ್ತದೆ. ಗೇರ್ ಲಿವರಿನ ರಬ್ಬರ್ ಹರಿದಿದ್ದರೂ ಅಷ್ಟೇ.

ಇನ್ನೊಂದು ಸಂಗತಿ. ಓಡುವ ವಾಹನದ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಹಿಂದಿನ ಬಾಗಿಲು ತೆರೆದಿದ್ದರೆ, ಜೀಪಿನ ಹಿಂದಿನ ಪರದೆ ಎತ್ತಿ ಕಟ್ಟಿದ್ದರೆ ಆ ಸುಳಿ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವರು ಸಾಮಾನ್ಯವಾಗಿ ಹೆಂಗಸರು, ಮಕ್ಕಳು. ದಾರಿಯುದ್ದಕ್ಕೂ ಮಕ್ಕಳು ತೂಕಡಿಸಿದರೆ 'ಆಯಾಸ' ಎಂದುಕೊಂಡು ಸುಮ್ಮನಿರಬೇಡಿ. ನಿಲ್ಲಿಸಿ, ಇಳಿಸಿ, ಗಾಳಿ ಕುಡಿಸಿ, ಅನಂತರ ಕೊಳವೆ ನೋಡಿಸಿ. ಬೆಂಡ್ ಪೈಪಿನ ಗ್ಯಾಸ್ಕೆಟ್ ಹಾರಿದ್ದರೆ ಜಾಗದ ಸುತ್ತ ಕಪ್ಪು ಮಸಿ ಕಾಣುತ್ತದೆ, ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ಹಳೆಯ ಕಾರನ್ನು ಪ್ರೀತಿಸುವವರು ಬಣ್ಣ ಹೊಡೆಸುವ ಮೊದಲು ಗ್ಯಾಸ್ಕೆಟ್, ತುಕ್ಕು, ತೂತು ಈ ಮೂರನ್ನು ನೋಡಿಸಲಿ. ಹೊಗೆ ಕೊಳವೆ ಕಾರಿನ ದೇಹವನ್ನು ದಾಟಿ ಹೊರಗೇ ಮುಗಿಯಬೇಕು.

ಲಕ್ಷಣಗಳು, ಮಾಡಬೇಕಾದ ಕೆಲಸ

ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು, ಮಾತು ತೊದಲುವುದು. ನೆಗಡಿ ಜ್ವರದ ಆರಂಭದಂತೆ ಕಾಣುವುದರಿಂದ ಮೋಸವಾಗುತ್ತದೆ. ಒಂದು ಗುರುತು ನೆನಪಿಡಿ: ಗ್ಯಾರೇಜಿನಲ್ಲಿರುವಾಗ ತಲೆನೋವು, ಹೊರಗೆ ಬಂದರೆ ಇಳಿತ, ಒಂದೇ ಜಾಗದಲ್ಲಿರುವ ಇಬ್ಬರು ಮೂವರಿಗೂ ಅದೇ ತೊಂದರೆ. ಹಾಗಿದ್ದರೆ ಹೊಗೆಯನ್ನೇ ಸಂಶಯಿಸಿ.

ಯಾರಾದರೂ ಕುಸಿದು ಬಿದ್ದರೆ ಮೊದಲು ಶಟರ್ ಎತ್ತಿ, ಎಂಜಿನ್ ಆರಿಸಿ, ಅವರನ್ನು ಬಯಲಿಗೆ ಎಳೆದು ತನ್ನಿ. ಉಳಿಸಲು ಹೋದವರು ಒಳಗೇ ನಿಂತುಬಿಡಬಾರದು. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ, ಕಲಿತವರಿದ್ದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಲಿ. ಆಸ್ಪತ್ರೆಯಲ್ಲಿ 'ಎಂಜಿನ್ ಹೊಗೆಯಲ್ಲಿದ್ದರು' ಎಂದು ಬಾಯಿ ಬಿಟ್ಟು ಹೇಳಿ.

ಕೋವಿಡ್ ಕಾಲದಲ್ಲಿ ಬಹಳ ಮನೆಗಳಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂದಿದೆ. ಅದನ್ನು ಇಲ್ಲಿ ನಂಬಬೇಡಿ. ರಕ್ತದಲ್ಲಿ ಅಂಟಿರುವುದು ಆಮ್ಲಜನಕವೋ ಈ ವಿಷವೋ ಎಂದು ಅದು ಬೇರೆ ಮಾಡಲಾರದು. ಮನುಷ್ಯ ಸಾಯುತ್ತಿದ್ದರೂ ಅದು 98 ಎಂದು ತೋರಿಸಬಹುದು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಿಂದಲೇ ಇದು ತಿಳಿಯುವುದು. ತಾಯಂದಿರಿಗೂ ಒಂದು ಮಾತು. ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್, ಚಳಿಗೆಂದು ಕೋಣೆಯಲ್ಲಿಡುವ ಇದ್ದಿಲ ಸಿಗಡಿ, ಇವುಗಳಿಂದ ಬರುವುದೂ ಇದೇ ಅನಿಲ.

ಸದ್ದಿನ ಹೊರೆ

ಸದ್ದಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾರ್ಖಾನೆಯಿಂದ ಹೊರಡುವಾಗ 80ರಿಂದ 175 ಸಿಸಿಯ ಬೈಕಿಗೆ 77 ಡೆಸಿಬಲ್, ಅದಕ್ಕೂ ದೊಡ್ಡದಕ್ಕೆ 80 ಡೆಸಿಬಲ್ ಮಿತಿಯಿದೆ. ತೆರೆದ ಕೊಳವೆ ನೂರನ್ನು ದಾಟುವುದುಂಟು. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳುತ್ತದೆ ಎಂಬ ಲೆಕ್ಕದಲ್ಲಿ, 100 ಡೆಸಿಬಲ್ ಆದರೆ ಹದಿನೈದು ನಿಮಿಷವೇ ಗಡಿ. ದಿನವಿಡೀ ಇದರ ನಡುವೆ ಇರುವ ಮೆಕ್ಯಾನಿಕ್ ಬಂಧುಗಳ ಕಿವಿ ಮೆಲ್ಲಗೆ ಮಂದವಾಗುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯಕ್ಕೆ ಇನ್ನೂ ಕಡಿಮೆ. ಮಾರ್ಕೆಟ್ಟಿನ ಬಳಿ ವಿಕ್ಟೋರಿಯ, ವಾಣಿವಿಲಾಸ, ಮಿಂಟೊ ಮೂರು ಆಸ್ಪತ್ರೆಗಳೂ ಒಂದರ ಪಕ್ಕ ಒಂದು ಇವೆ. ಒಳಗೆ ಹೆರಿಗೆಯಾದ ತಾಯಿ, ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮುದುಕರು ಮಲಗಿರುತ್ತಾರೆ. ಅವರಲ್ಲಿ ನಮ್ಮ ನಿಮ್ಮ ಮನೆಯವರೂ ಇರುತ್ತಾರೆ.

ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಶಬ್-ಎ-ಬರಾತ್ ರಾತ್ರಿ ಪ್ರಾರ್ಥನೆಗೆ, ಅಗಲಿದವರನ್ನು ನೆನೆಯುವುದಕ್ಕೆ ಇರುವ ರಾತ್ರಿ. ಇತ್ತೀಚಿನ ವರ್ಷಗಳಲ್ಲಿ ಆ ರಾತ್ರಿ ವ್ಹೀಲಿ ಮತ್ತು ಬೈಕಿನ ಅಬ್ಬರಕ್ಕೆ ಹೆದರಿ ಬೆಂಗಳೂರಿನ ಸಂಚಾರ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚುವಂತಾಯಿತು. ಹೊಸವರ್ಷದ ರಾತ್ರಿ ಎಲ್ಲರ ಮಕ್ಕಳಿಗೂ ಅನ್ವಯಿಸುವ ಕಟ್ಟುನಿಟ್ಟು, ನಮ್ಮ ಪವಿತ್ರ ರಾತ್ರಿಗೂ ಬಂದುದು ಹಿರಿಯರಾದ ನಮಗೆಲ್ಲ ತಲೆ ತಗ್ಗಿಸುವ ಸಂಗತಿ. ದಾರಿಯಲ್ಲಿ ಬಿದ್ದಿರುವ ಮುಳ್ಳನ್ನು ಸರಿಸುವುದೂ ಪುಣ್ಯವೆಂದು ಮದರಸದಲ್ಲಿ ಕಲಿತವರು ನಾವು. ದಾರಿಗೆ ಮುಳ್ಳು ಹಾಕುವವರು ನಾವಾಗಬಾರದು.

ಕಾನೂನು ಏನು ಹೇಳುತ್ತದೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ, ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ 190ನೇ ಕಲಮಿನಡಿ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ; ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಸಂಜೆ ಹೊತ್ತು ಡೆಲಿವರಿ ಕೆಲಸ ಮಾಡಿ ಫೀಸು ಕಟ್ಟುವ ವಿದ್ಯಾರ್ಥಿಗೆ ಮೂರು ತಿಂಗಳ ಲೈಸೆನ್ಸ್ ಎಂದರೆ ಒಂದು ಸೆಮಿಸ್ಟರಿನ ಫೀಸು.

ವಾಹನದ ಮಾಲೀಕ ಅನುಮತಿಯಿಲ್ಲದ ಬದಲಾವಣೆ ಮಾಡಿಸಿದರೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಹೇಳಿತು. 18 ತುಂಬದವರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ಚಿತ್ರಗಳಲ್ಲಿ ನೋಡಿದ್ದೀರಿ. ಅಲ್ಲಿ ನಜ್ಜುಗುಜ್ಜಾದದ್ದು ಯಾರದೋ ತಂದೆಯ ದುಡಿಮೆಯ ಹಣ.

ನನ್ನ ಕೋರಿಕೆಗಳು

ಗ್ಯಾರೇಜು ನಡೆಸುವ ಸದಸ್ಯ ಬಂಧುಗಳಿಗೆ: ಎಂಜಿನ್ ಓಡುವಾಗ ಶಟರ್ ಪೂರ್ತಿ ಮೇಲಿರಲಿ, ಮಳೆಯಿದ್ದರೂ ಸರಿ. ಹೊಗೆ ಕೊಳವೆಯ ಬಾಯಿಗೆ ಶಾಖ ತಾಳುವ ಉದ್ದನೆಯ ಹೋಸ್ ಜೋಡಿಸಿ ಹೊಗೆಯನ್ನು ಹೊರಗೆ, ಮೇಲಿನ ಮನೆಯ ಕಿಟಕಿಗಳಿಂದ ದೂರಕ್ಕೆ ಒಯ್ಯಿರಿ. ಮುಂದೆ ಗಾಳಿ ಬರುವ ದಾರಿಯಿದ್ದರೆ ಹಿಂದಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಗೋಡೆಗೆ ತೂಗುಹಾಕಿ. ಅದೇ ನಿಮ್ಮ ಕ್ಯಾನರಿ ಹಕ್ಕಿ. 'ಕನ್ವರ್ಟರ್ ಕತ್ತರಿಸಿ' ಎಂದು ಬರುವ ಹುಡುಗನಿಗೆ 'ಬೇಡ ಬೇಟಾ' ಎನ್ನಿರಿ. ಆ ಒಂದು ಕೆಲಸದ ಹಣ ಹೋದರೂ ನಿಮ್ಮ ಹೆಸರು ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ: ನಿಮ್ಮ ಗಾಡಿಯ ಎಮಿಷನ್ ಚೀಟಿಯಲ್ಲಿ ದಿನಾಂಕ ಮಾತ್ರ ನೋಡಬೇಡಿ, ಕಾರ್ಬನ್ ಮಾನಾಕ್ಸೈಡ್ ಎದುರಿನ ಅಂಕಿಯನ್ನು ಓದಿ. ಕಳೆದ ಸಲಕ್ಕಿಂತ ಹೆಚ್ಚಿದ್ದರೆ ಏಕೆಂದು ಕೇಳಿ. ಜಾಲಿ ತೆಗೆಸಿದವರು ಮತ್ತೆ ಹಾಕಿಸಿ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಎಂಜಿನ್ ಓಡಿಸಿಕೊಂಡು ಹರಟೆ ಹೊಡೆಯಬೇಡಿ.

ಸಂಘದ ಪದಾಧಿಕಾರಿಗಳಿಗೆ: ವರ್ಷಕ್ಕೊಮ್ಮೆ ಒಂದು ಭಾನುವಾರ ನಮ್ಮ ಆವರಣದಲ್ಲಿ ಉಚಿತ ತಪಾಸಣೆಯ ಶಿಬಿರ ನಡೆಸೋಣ. ಅಳತೆಯ ಉಪಕರಣ ಒಂದನ್ನು ಕೊಂಡು ಗ್ಯಾರೇಜುಗಳಿಗೆ ಸರದಿಯಂತೆ ಕಳಿಸೋಣ. ವಿಜ್ಞಾನ ವಿದ್ಯಾರ್ಥಿಗಳು ಅಂಕಿಗಳನ್ನು ಬರೆದು ಮುಂದಿನ ವಾರ್ಷಿಕ ಸಂಚಿಕೆಗೆ ವರದಿ ಕೊಡಲಿ. ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗೆ ಸಂಜೆ ತರಗತಿ ಆರಂಭಿಸಿದರೆ ಅವರಲ್ಲೇ ಕೆಲವರು ನಾಳೆ ಐಟಿಐ, ಡಿಪ್ಲೊಮಾ ಮುಗಿಸಿ ಪ್ರಮಾಣಪತ್ರ ಹಿಡಿದ ಉಸ್ತಾದರಾಗುತ್ತಾರೆ. ಕೈಯಲ್ಲಿ ವಿದ್ಯೆ ಆಗಲೇ ಇದೆ, ಪುಸ್ತಕದ ವಿದ್ಯೆ ಸೇರಿದರೆ ಆ ಕೈಗೆ ಬೆಲೆ ಹೆಚ್ಚು.

ಕೆಲಸ ಕಲಿಯುವ ಒಬ್ಬ ಹುಡುಗ ಸಂಜೆ ತಲೆನೋವಿಲ್ಲದೆ ಮನೆಗೆ ಹೋದರೆ ಈ ಭಾಷಣದ ಶ್ರಮ ಸಾರ್ಥಕ.